ಓಣಿ ಸಾವ್ಕಾರ ಆತು, ನಾವು ಅಲ್ಲ

ಹೋದ ವರ್ಷ ದಸರಾ ಸೂಟ್ಯಾಗ ಜಾತಿ ಸರ್ವೆ ನಡದಿತ್ತಲ್ರಿ, 2025ರ ಸೆಪ್ಟೆಂಬರ್ 22ಕ್ಕ ಶುರು ಆಗಿ ಮುಂದ ಮುಂದ ಎಳಕೋತ ಹೋತು, ಅರವತ್ತು ಪ್ರಶ್ನೆದ್ದು, ಅದರ ಟೀಚರ್ ನಮ್ಮ ತವರುಮನಿಗೆ ಬಂದಾಗ ನಾನೂ ಅಲ್ಲೇ ಇದ್ದೆ. ತವರುಮನಿ ಅಂದ್ರ ಬೆಳಗಾವಿ ಟಿಳಕವಾಡಿ, ಎರಡನೇ ಗೇಟಿನ ಕಡೆ. ನಾ ಇರೂದು ರಾಣಿ ಚನ್ನಮ್ಮ ನಗರದಾಗ, ಸ್ಕೂಟಿ ಮ್ಯಾಲ ಹತ್ತು ನಿಮಿಷ, ಗೇಟ್ ಬಿದ್ರ ಇಪ್ಪತ್ತು.

ಟೀಚರ್ ಬಾಯಾರು ಮೀಟರ್ ಬೋರ್ಡಿನ ಬಾಜೂಕ ಹಚ್ಚಿದ್ದ ಸ್ಟಿಕರ್ ನೋಡಿ ಮೊಬೈಲ್‌ನ್ಯಾಗ ನಂಬರ್ ಹಾಕಿದ್ರು, ನೆಟ್‌ವರ್ಕ್ ಇಲ್ಲ ಅಂತ ಅಂಗಳಕ್ಕ ಹೋಗಿ ಕೈ ಮ್ಯಾಲ ಎತ್ತಿ ನಿಂತ್ರು, ಆಮ್ಯಾಲ ಬಂದು ಕಟ್ಟಿ ಮ್ಯಾಲ ಕುಂತ್ರು. ಜಾತಿ, ಮಾತೃಭಾಷೆ, ಸಾಲಿ ಎಲ್ಲಾ ಸರಾಗ ಆತು. ವರ್ಷದ ಆದಾಯ ಎಷ್ಟ್ರಿ ಅಮ್ಮಾರ ಅಂದಾಗ ಅವ್ವ ಒಳಗ ಹೋಗಿ ಪಾಸ್‌ಬುಕ್ ತಂದ್ಲು. ಪೆನ್ಷನ್ ಬಿಟ್ರ ಮತ್ತೇನಿಲ್ಲ. ಬಾಯಾರು ಅದನ್ನ ಬರಕೊಂಡು, ಸುಮ್ಮ ಸಹಜ ಅಂಗಳ, ಮಾವಿನ ಗಿಡ, ಹಂಚಿನ ಮನಿ ಎಲ್ಲಾ ಒಮ್ಮೆ ನೋಡಿ, "ಜಾಗಾ ಎಷ್ಟೈತ್ರಿ ಇದು?" ಅಂದ್ರು. "ಐದು ಗುಂಟೆ" ಅಂದ್ಲು ಅವ್ವ. ಬಾಯಾರು ನಕ್ಕು, "ಹಂಗಾರ ನೀವು ಕೋಟ್ಯಧೀಶರು ಬಿಡ್ರಿ ಅಮ್ಮಾರ" ಅಂದ್ರು.

"ಹೌದೇನ ತಂಗಿ, ಸಿಲಿಂಡರ್‌ದಂವ ಬಂದಾಗ ನೀ ಬಂದು ಅವಂಗ ಇದನ್ನs ಹೇಳು" ಅಂದ್ಲು ಅವ್ವ.

ಅವ್ವ ಚಾಷ್ಟಿ ಮಾಡಿದ್ಲು ಖರೆ, ಆದ್ರ ಅವತ್ತ ರಾತ್ರಿ ನಂಗ ಅದೇ ತಲ್ಯಾಗ ಕುಂತು ಬಿಟ್ತು. ಟಿಳಕವಾಡಿ ಅಂದ್ರ ಮದಲಿಂದ್ಲೂ ಸಾವ್ಕಾರರ ಏರಿಯಾ ಅಂತ ಊರಾಗ ಹೆಸರು, ಸಣ್ಣಾಕಿ ಇದ್ದಾಗ ಬಸ್‌ಸ್ಟ್ಯಾಂಡಿನ್ಯಾಗ ಆಟೋದಂವಗ ಟಿಳಕವಾಡಿ ಅಂದ್ರ ಸಾಕು ಐದು ರೂಪಾಯಿ ಜಾಸ್ತಿ ಕೇಳತಿದ್ದ. ಈಗಂತೂ ಕೇಳೂದs ಬ್ಯಾಡ, ಒಂದೊಂದು ಪಾರ್ಕಿಂಗ್‌ನ್ಯಾಗ ನಿಂತಿರೂ ಕಾರ್ ನೋಡಿದ್ರ ಕಣ್ಣು ಕುಕ್ಕತೈತಿ. ಓಣಿ ಮೊದಲಿಗಿಂತ ಸಾವ್ಕಾರ ಆಗೈತಿ ಅನ್ನೂದು ಖರೆ. ಆದ್ರ ನಂಗ ಗೊತ್ತಿದ್ದ ಒಬ್ಬರಾದ್ರೂ ಸಾವ್ಕಾರ ಆದ್ರೇನು? ಯಾರೂ ನೆನಪಿಗೆ ಬರವಲ್ರು. ಹಂಗಾರ ಇದು ಹೆಂಗ ಆತು?

ಮುಂದಿನ ರವಿವಾರ ಹೋದಾಗ ಒಂದು ಹಳೇ ಡೈರಿ ತಗೊಂಡು ಅವ್ವನ ಮುಂದ ಕುಂತೆ. ನಾ ಎಸ್‌ಎಸ್‌ಎಲ್‌ಸಿ ಪಾಸ್ ಆಗಿದ್ದು 1994ರಾಗ, ಆ ವರ್ಷ ಓಣ್ಯಾಗ ಯಾರ್ಯಾರು ಇದ್ರು ಹೇಳು ಅಂದೆ. ಅವ್ವ ಅವರೀಕಾಯಿ ಸುಲಿಕೋತ ಮೂಲಿ ಮನಿಯಿಂದ ಶುರು ಮಾಡಿದ್ಲು. ಹತ್ತೊಂಬತ್ತು ಪ್ಲಾಟ್, ಹತ್ತೊಂಬತ್ತು ಮನಿ. ನಾ ಹತ್ತೊಂಬತ್ತು ಅಂತ ಬರದು ಗೆರಿ ಎಳದೆ. ಅವ್ವ ಸಿಟ್ಟಿಗೆದ್ಲು. "ಮತ್ತ ಹಿಂದಿನವ್ರು?" ಅಂದ್ಲು.

ಈ ಹಿಂದಿನವ್ರನ್ನ ನಾ ಮರತs ಬಿಟ್ಟಿದ್ದೆ ನೋಡ್ರಿ. ಆವಾಗಿನ ಬಂಗಲೆ ಅಂದ್ರ ಮುಂದ ಮಾಲಕರ ಮನಿ, ಬಾಜೂಕ ಬಾವಿ, ಹಿಂದ ಹಿತ್ತಲದಾಗ ಔಟ್‌ಹೌಸ್, ಎರಡು ಖೋಲಿ, ಮ್ಯಾಲ ಹಂಚು ಇಲ್ಲಾ ತಗಡು, ಸಂಡಾಸ ಬ್ಯಾರೆ. ಅದರಾಗ ಒಂದು ಸಂಸಾರ ಬಾಡಗಿ. ಪ್ರೊಫೆಸರ್ ಅಜ್ಜಾರ ಹಿತ್ತಲದಾಗ ಟೇಲರ್ ಮಾಮಾ, ಅವನ ಹೆಂಡ್ತಿ ನಾಕು ಮನಿ ಭಾಂಡಿ ತಿಕ್ಕತಿದ್ಲು. ವಕೀಲರ ಹಿಂದ ಉದ್ಯಮಬಾಗ ಫೌಂಡ್ರಿಗೆ ಹೋಗಾಂವ ಒಬ್ಬಂವ, ಸಂಜೀಕ ಸೈಕಲ್ ಮ್ಯಾಲ ಬಂದ್ರ ಮಾರಿ ಎಲ್ಲಾ ಕಪ್ಪು, ಹಲ್ಲು ಅಷ್ಟs ಬಿಳಿ. ನಮ್ಮ ಹಿತ್ತಲದಾಗ ಪೋಸ್ಟಿನ್ಯಾಗ ಕೆಲಸ ಮಾಡಾವ್ರು, ಗೋಕಾಕದವ್ರು, ಅವರ ಮಗಳೂ ನಾನೂ ಕೂಡೇ ಸಾಲಿಗೆ ಹೋಗಾವ್ರು. ಎಣಿಸಿದ್ರ ಹನ್ನೆರಡು ಸಂಸಾರ ಆದ್ವು. ಒಟ್ಟು ಮೂವತ್ತೊಂದು. ಅಂದ್ರ ಸಾವ್ಕಾರರ ಓಣ್ಯಾಗ ಮೂರರಾಗ ಒಂದು ಪಾಲಿನ ಮ್ಯಾಲ ಬಡವರs ಇದ್ರು, ಸಾವ್ಕಾರರ ಗೋಡಿಗೆ ಹತ್ತಿಕೊಂಡs ಇದ್ರು, ಅವರ ಮಕ್ಕಳು ಇವರ ಅಂಗಳದಾಗ ಕುಂಟಾಬಿಲ್ಲೆ ಆಡತಿದ್ರು.

ಈಗಿನ ಲೆಕ್ಕ ನಾನs ಹಾಕಿದೆ, ಓಣ್ಯಾಗ ಅಡ್ಡ್ಯಾಡಿ. ಹತ್ತೊಂಬತ್ತರಾಗ ಎಂಟು ಅಪಾರ್ಟ್‌ಮೆಂಟ್ ಆಗ್ಯಾವು. ಮೂರು ಪಿಜಿ, ಇಲ್ಲಾ ದವಾಖಾನಿ. ಒಂದಕ್ಕ ಕೀಲಿ ಹಾಕೈತಿ, ಒಂದು ಕೆಡವಿ ಪತ್ರಾ ಹೊಡದಾರ. ಉಳದಿದ್ದು ಆರು, ನಮ್ಮದೂ ಹಿಡದು. ಈ ಆರು ಮನ್ಯಾಗ ಅರವತ್ತರ ಒಳಗಿನವ್ರು ಇಬ್ಬರs, ಅದರಾಗ ಒಬ್ಬಾಕಿ ಅಜ್ಜೀನ ನೋಡ್ಕೊಳ್ಳಾಕ ಇಟ್ಟ ಹುಡುಗಿ. ಎಂಟು ಅಪಾರ್ಟ್‌ಮೆಂಟಿನ ಬೆಲ್ ಎಣಿಸಿದ್ರ ಎಂಬತ್ತರ ಮ್ಯಾಲ ಆಗ್ತಾವು. ಹಳೇ ಮಾಲಕರಾಗ ಇಬ್ಬರು ತಮ್ಮs ಜಾಗಾದಾಗ ಎದ್ದ ಬಿಲ್ಡಿಂಗ್‌ನ್ಯಾಗ ಫ್ಲ್ಯಾಟ್ ತಗೊಂಡು ಅದಾರ. ಹಿಂದಿನ ಹನ್ನೆರಡು ಸಂಸಾರದಾಗ ಒಂದೂ ಇಲ್ಲ. ಒಂದೂ ಅಂದ್ರ ಒಂದೂ ಇಲ್ಲ. ಅಪಾರ್ಟ್‌ಮೆಂಟಿಗೆ ಹಿತ್ತಲ ಎಲ್ಲಿರತೈತ್ರಿ?

ಇದs ಆಗಿದ್ದು. ಖಾನಾಪುರ ಬಸ್ಸಿನ್ಯಾಗ ಸಂತಿ ಮಂದಿ ಇಳದು ಮದುವಿ ಮಂದಿ ಹತ್ತಿದ್ರ ಬಸ್ಸಿನ ಮಂದಿ ಎಷ್ಟು ಚೊಲೋ ಅರಬಿ ಹಾಕ್ಯಾರ ಅನಿಸ್ತೈತಿ, ಅಷ್ಟಕ್ಕ ಸಂತಿಯವ್ರಿಗೆ ಹೊಸಾ ಸೀರಿ ಬಂದಂಗ ಆತೇನು? ಓಣಿ ಸರಾಸರಿ ಏರೈತಿ, ಏರಿದ್ದು ಯಾರ ಪಗಾರಾನೂ ಅಲ್ಲ. ಮುಂದ ಜನಗಣತಿ ಲೆಕ್ಕ ಬಂದಾಗ ನಮ್ಮ ವಾರ್ಡ್ ಬೆಳೀತು ಅಂತ ಪೇಪರಿನ್ಯಾಗ ಬಂದೀತು. ಟೇಲರ್ ಮಾಮಾ ಎಲ್ಲಿ ಹೋದ ಅಂತ ಅದರಾಗ ಇರಂಗಿಲ್ಲ. (ಅವ್ವ ಹೇಳಿದ್ಲು, ಮಚ್ಛೆ ಕಡೆ ಒಂದು ಗುಂಟೆ ತಗೊಂಡು ಮನಿ ಕಟ್ಟ್ಯಾನಂತ, ಕಣ್ಣು ಮಂಜಾಗಿ ಮಷಿನ್ ಬಿಟ್ಟಾನಂತ.)

ಇನ್ನ ಉಳದ ಆರು ಮನಿ ಕಥಿ. ಹೊರಗಿನವ್ರಿಗೆ ಇವೆಲ್ಲಾ ಒಂದs ನಮೂನಿ ಕಾಣತಾವು, ಹಂಚು, ಗಿಡ, ಮುದುಕರು. ಒಳಗ ಹೋದ್ರ ಪೆನ್ಷನ್ ಮ್ಯಾಲ ಜಾತಿ ಬ್ಯಾರೆ. ಪ್ರೊಫೆಸರ್ ಅಜ್ಜಾರು ಸರಕಾರಿ ಪೆನ್ಷನ್‌ದವ್ರು, ಪ್ರತಿ ವೇತನ ಆಯೋಗ ಬಂದಾಗ ಅವರ ಪೆನ್ಷನ್ ಹೊಸಾ ಲೆಕ್ಕಕ್ಕ ಹತ್ತತೈತಿ, ಎಂಬತ್ತಾರು ವಯಸ್ಸು, ಮೊಮ್ಮಗಗ ಲ್ಯಾಪ್‌ಟಾಪ್ ಕೊಡಿಸ್ಯಾರ. ನಮ್ಮಪ್ಪ ಬ್ಯಾಂಕಿನ್ಯಾಗ ಇದ್ದ, 2001ರಾಗ ರಿಟೈರ್. ಬ್ಯಾಂಕ್ ಪೆನ್ಷನ್ನಿಗೆ ಡಿಎ ಏರತೈತಿ, ಬೇಸಿಕ್ ಮಾತ್ರ ರಿಟೈರ್ ಆದ ದಿನ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿರತೈತಿ, ಪಗಾರದ ಒಪ್ಪಂದ ಐದು ವರ್ಷಕ್ಕೊಮ್ಮೆ ಆದ್ರೂ ಹಳೇ ಮಂದೀನ ಯಾರೂ ಎಬ್ಬಿಸಂಗಿಲ್ಲ. ಅಪ್ಪ ಹೋದ ಮ್ಯಾಲ ಅವ್ವಗ ಫ್ಯಾಮಿಲಿ ಪೆನ್ಷನ್. ಅದಕ್ಕ 2021ರ ತನಕ 9,284 ರೂಪಾಯಿ ಅಂತ ಒಂದು ಹದ್ದು ಇತ್ತು, ಆಮ್ಯಾಲ ಕಡೀ ಪಗಾರದ 30 ಪರ್ಸೆಂಟ್ ಅಂತ ಮಾಡಿದ್ರು. ಚೊಲೋ ಆತು, ಆದ್ರ ಅಪ್ಪನ ಕಡೀ ಪಗಾರ 2001ರದ್ದಲ್ರಿ. ಫೌಂಡ್ರಿ ಕಾಕಾನ ಪೆನ್ಷನ್ ಕೇಳಿದ್ರ ಇದೂ ಬಂಗಾರ ಅನಿಸ್ತೈತಿ. ಪಿಎಫ್ ಕಡೆಯಿಂದ ಬರೂದು ಅದು, 2014ರಿಂದ ಕಮ್ಮಿ ಅಂದ್ರ ತಿಂಗಳಿಗೆ 1,000 ಅಂತ ಮಾಡ್ಯಾರ, ಒಂದು ಸಾವಿರ, ತಪ್ಪಿ ಬರದಿಲ್ಲ ನಾ.

ಅದಕ್ಕ ಅವ್ವನಂಥಾವ್ರು ಕೋಟಿ ಮ್ಯಾಲ ಕುಂತು ತೊಗರಿಬ್ಯಾಳಿ ಲೆಕ್ಕ ಹಾಕತಾರ. ಹೋದ ಮಳಗಾಲದಾಗ ಹಂಚು ಒಡದು ಪಡಸಾಲ್ಯಾಗ ಬುಟ್ಟಿ ಇಟ್ಟಿದ್ಲು. ಬೆಳಗಾವಿ ಮಳಿ ನಿಮಗ ಗೊತ್ತಲ್ಲ, ಜೂನ್‌ನ್ಯಾಗ ಕುಂತ್ರ ಗಣಪತಿ ಹಬ್ಬದ ತನಕ ಏಳಂಗಿಲ್ಲ. ಹಂಚು ಹೊದಿಸಾವ್ರು ಸಿಗವಲ್ರು, ಸಿಕ್ಕಂವ ಹೇಳಿದ ಕೂಲಿ ಅವ್ವನ ಒಂದೂವರಿ ತಿಂಗಳ ಪೆನ್ಷನ್. ಅಣ್ಣ ಪುಣೆಯಿಂದ ದುಡ್ಡು ಹಾಕತೇನಿ ಅಂದ, ಅವ್ವ ಬ್ಯಾಡ ಅಂದ್ಲು, ಕಡೀಕ ಮ್ಯಾಲ ನೀಲಿ ತಾಡಪತ್ರಿ ಹಾಕಿ ಇಟ್ಟಂಗಿ ಇಟ್ವಿ. ಎದುರಿಗಿನ ಆರನೇ ಮಾಳಿಗಿಯಿಂದ ನೋಡಿದವ್ರಿಗೆ ಕೋಟಿ ರೂಪಾಯಿ ಮನಿ ಮ್ಯಾಲ ತಾಡಪತ್ರಿ ಕಾಣತೈತಿ.

ಹೊಸಾ ಮಂದಿ ಯಾರು ಅಂತೀರೇನು? ಡಾಕ್ಟರ್ ಅದಾರ, ಗಂಡಾ ಹೆಂಡ್ತಿ ಇಬ್ಬರೂ ಡಾಕ್ಟರ್. ಹೈಡ್ರಾಲಿಕ್ ಪಾರ್ಟ್ ಮಾಡೂ ಫ್ಯಾಕ್ಟರಿ ಅಪ್ಪ ಹಾಕಿದ್ದು ಮಗ ನಡಸಾವ್ರು. ಬೆಂಗಳೂರು ಕಂಪನಿ ಕೆಲಸ ಮನ್ಯಾಗಿಂದ್ಲೇ ಮಾಡಾವ್ರು, ಕೊರೊನಾದಾಗ ಬಂದು ಇಲ್ಲೇ ಉಳದವ್ರು. ಮಿಲಿಟರಿ ರಿಟೈರ್ಡ್. ಆದ್ರ ನಂಗ ಭಾಳ ವಿಚಿತ್ರ ಕಂಡಿದ್ದು ಕಬ್ಬಿನ ಮಂದಿ.

ಅಥಣಿ, ರಾಯಬಾಗ, ಮೂಡಲಗಿ ಕಡೆ ಹತ್ತು ಹದಿನೈದು ಎಕರೆ ನೀರಾವರಿ ಇದ್ದವ್ರು ಮಕ್ಕಳ ಸಾಲಿ ಸಲುವಾಗಿ ಇಲ್ಲೆ ಫ್ಲ್ಯಾಟ್ ತಗೋತಾರ. ಗಂಡಸು ಹಳ್ಳ್ಯಾಗ ಕಬ್ಬು ನೋಡಕೋತ ಇರತಾನ, ಹೆಂಡ್ತಿ ಮಕ್ಕಳು, ಒಮ್ಮೊಮ್ಮೆ ಅತ್ತಿ, ಇಲ್ಲೆ. ಶನಿವಾರ ಸಂಜೀಕ ಗಾಡಿ ಬರತೈತಿ, ಡಿಕ್ಕಿ ತಗದ್ರ ಜ್ವಾಳದ ಚೀಲಾ, ಹಾಲಿನ ಕ್ಯಾನು, ಬದನಿಕಾಯಿ. ಸೋಮವಾರ ನಸಿಕ್ಲೆ ಗಾಡಿ ಹೊಂಟತೈತಿ. ನಡುವ ಐದು ದಿನ ಆ ಬಿಲ್ಡಿಂಗ್‌ನ್ಯಾಗ ಗಂಡಸ್ರು ಅಂದ್ರ ವಾಚ್‌ಮನ್ ಮತ್ತ ಝೊಮ್ಯಾಟೊ ಹುಡುಗೂರು ಅಷ್ಟs. ನಮ್ಮ ಎದುರಿಗಿನ ಬಿಲ್ಡಿಂಗಿನ ಸೆಕ್ರೆಟರಿ ನನ್ನ ಕ್ಲಾಸ್‌ಮೇಟ್, ಅಂವ ಹೇಳೂದು ಕೇಳಿ ನಕ್ಕು ಸಾಕಾತು. ಮೇಂಟೆನೆನ್ಸ್ ಬಾಕಿ ಕೇಳಿದ್ರ ಡಾಕ್ಟರ್ ಮರದಿನ ಫೋನ್‌ಪೇ ಮಾಡತಾರಂತ, ಕಬ್ಬಿನವ್ರು "ಕಬ್ಬಿನ ಬಿಲ್ ಬರ್ಲಿ ಸರ, ವರ್ಷದ್ದು ಒಮ್ಮೆಲೇ ಕೊಡ್ತೇನಿ" ಅಂತಾರಂತ. ಕಾಯ್ದೆ ಪ್ರಕಾರ ಕಬ್ಬು ಕೊಟ್ಟ 14 ದಿನದಾಗ ಕಾರ್ಖಾನಿಯವ್ರು ರೊಕ್ಕಾ ಕೊಡಬೇಕು, ಕಾಯ್ದೆ ಐತಿ. 2025ರ ನವೆಂಬರ್‌ನ್ಯಾಗ ಗುರ್ಲಾಪುರ ಕ್ರಾಸಿನ್ಯಾಗ ರೈತರು ಟನ್ನಿಗೆ 3,500 ಬೇಕಂತ ದಿನಗಟ್ಟಲೆ ಕುಂತಿದ್ರಲ್ಲ, ಕಡೀಕ ಸರಕಾರ 3,300 ಅಂತು, ಆ ವಾರ ಟಿಳಕವಾಡಿ ಒಂದು ಅಪಾರ್ಟ್‌ಮೆಂಟಿನ ಲಿಫ್ಟ್ ರಿಪೇರಿ ಅದರ ಸಲುವಾಗಿ ನಿಂತಿತ್ತು ಅಂದ್ರ ನಂಬತೀರೇನು? ಲಿಫ್ಟ್ ಬಂದ್, ಐದನೇ ಮಾಳಿಗಿಯವ್ರೆಲ್ಲಾ ಟಿವ್ಯಾಗ ಗುರ್ಲಾಪುರ ನೋಡಕೋತ ಕುಂತಿದ್ರು. ಇದ್ದವ್ರs, ಆದ್ರ ಇವರ ಸಾವ್ಕಾರಕಿಗೂ ಸೀಸನ್ ಐತಿ.

ಇವರು ಬಂದಿದ್ದಕ್ಕ ಓಣ್ಯಾಗ ಕನ್ನಡ ಜಾಸ್ತಿ ಆತು, ಇದನ್ನ ಹೇಳಾಕs ಬೇಕು. 1994ರಾಗ ಅರ್ಧಕ್ಕರ್ಧ ಮರಾಠಿ ಮನಿ, ಎರಡು ಮೂರು ಕೊಂಕಣಿ, ಉಳದವ್ರು ನಾವು. ಅವ್ವಗ ಮರಾಠಿ ಕಲಿಸಿದ್ದs ಬಾಜೂ ಮನಿ ಕಾಕು, ಕಾಕುಗ ಜ್ವಾಳದ ರೊಟ್ಟಿ ಬಡಿಯೂದು ಕಲಿಸಿದ್ದು ಅವ್ವ. ಊರಾಗ ಗಡಿ ಗಲಾಟಿ ಆಗಿ ಬಸ್ಸಿಗೆ ಕಲ್ಲು ಬಿದ್ದ ದಿನಾನೂ ಸಂಜೀಕ ಇಬ್ಬರೂ ಕಂಪೌಂಡ್ ಗ್ವಾಡಿ ಮ್ಯಾಲ ಕೈ ಇಟ್ಟು ನಿಂತು, ಇಕಿ ಕನ್ನಡದಾಗ ಅಕಿ ಮರಾಠ್ಯಾಗ, ಎರಡೂ ಕಡೆ ಹುಡುಗೂರಿಗೆ ಬೈತಿದ್ರು. ಕಾಕು ಮಕ್ಕಳು ಪುಣೆ ಸೇರಿದ್ರು, ಮನಿ ಮಾರಿದ್ರು, ಕಾಕೂನೂ ಕರಕೊಂಡು ಹೋದ್ರು. ಅಲ್ಲೆ ಈಗ ಎದ್ದಿರೂ ಬಿಲ್ಡಿಂಗ್‌ನ್ಯಾಗ ಒಂಬತ್ತು ಮನಿ ಕನ್ನಡದವ್ರು. ನಂಗ ಖುಷಿ ಆಗಬೇಕಲ್ಲ, ಆಗೈತಿ ಸ್ವಲ್ಪ. ಆದ್ರ ಅವ್ವ ಅವರ ಜೋಡಿ ಮಾತಾಡಿದ್ದು ಎರಡ ಸಲ, ಒಮ್ಮೆ ಮಾವಿನ ಎಲಿ ಅವರ ಕಾರಿನ ಮ್ಯಾಲ ಬೀಳತಾವ ಅಂತ ಅವರು ಹೇಳಾಕ ಬಂದಾಗ, ಇನ್ನೊಮ್ಮೆ ಅವರ ಎಸಿ ನೀರು ನಮ್ಮ ತುಳಸಿಗೆ ಬೀಳತೈತಿ ಅಂತ ಇಕಿ ಹೇಳಾಕ ಹೋದಾಗ. ಕಾಕು ಪುಣೆಯಿಂದ ವಾರಕ್ಕೊಮ್ಮೆ ಫೋನ್ ಮಾಡತಾಳ. ಹದಿಮೂರನೇ ಮಾಳಿಗಿಯಂತ, ಕೆಳಗ ಮಂದಿ ಇರಿವಿಗತೆ ಕಾಣತಾರಂತ.

ಮನಿ ಯಾಕ ಮಾರತಾರ ಅಂತ ಹೊರಗಿನವ್ರು ಕೇಳತಾರ, ಆಸೆ ಅಂತಾರ. ಆಸೆಗಿಂತ ಪಾಲಿನ ಲೆಕ್ಕ ದೊಡ್ಡದ್ರಿ. ನಾಕು ಮಕ್ಕಳು, ಒಬ್ಬ ಪುಣೆ, ಒಬ್ಬ ಅಮೆರಿಕಾ, ಒಬ್ಬಾಕಿ ಕೊಲ್ಲಾಪುರ, ಒಬ್ಬಾಕಿ ಇಲ್ಲೆ. ಮನಿ ನಾಕು ತುಂಡು ಮಾಡಾಕ ಬರಂಗಿಲ್ಲ, ರೊಕ್ಕಾ ಬರತೈತಿ. ಮದಲ ಹೆಣ್ಣುಮಕ್ಕಳು ಒಂದು ಸೀರಿ ಉಡಿಸಿಕೊಂಡು ಹಕ್ಕು ಬಿಟ್ಟ ಪತ್ರಕ್ಕ ಸೈನ್ ಮಾಡಿ ಹೋಗತಿದ್ರು, ಅಣ್ಣತಮ್ಮರಾಗ ಒಬ್ಬಂವ ಮನಿ ಇಟ್ಟಕೋತಿದ್ದ, ಓಣಿ ಹಂಗs ಉಳೀತಿತ್ತು. ನಮ್ಮ ರಾಜ್ಯದಾಗ 1994ರಾಗ, ದೇಶಕ್ಕೆಲ್ಲಾ 2005ರಾಗ ಪಿತ್ರಾರ್ಜಿತದಾಗ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಅಂತ ಬಂತು. ಅಪ್ಪ ತಾನs ದುಡದು ತಗೊಂಡಿದ್ದು ಇದ್ದು ಉಯಿಲು ಬರೀದs ಹೋದ್ರ 1956ರ ಕಾಯ್ದ್ಯಾಗs ಹೆಂಡ್ತಿಗೂ ಮಗಗೂ ಮಗಳಿಗೂ ಸಮ ಪಾಲು ಇತ್ತು, ಯಾರೂ ಹೇಳತಿರಲಿಲ್ಲ ಅಷ್ಟs. ಈಗ ಸೀರಿಗೆ ಸೈನ್ ಯಾರೂ ಮಾಡಂಗಿಲ್ಲ, ಮಾಡಬಾರದು. ಹಂಗಂತ ಓಣಿ ಒಡೀಲಿಕ್ಕೆ ನನ್ನಂಥಾ ಹೆಣ್ಣುಮಕ್ಕಳೂ ಒಂದು ಕಾರಣ ಅನ್ನೂದನ್ನ ಮುಚ್ಚಿಡೂದು ಯಾಕ.

ಯಾಕಂದ್ರ ನಮ್ಮ ಮನಿ ಕಾಗದಾನೂ ಮೇಜಿನ ಮ್ಯಾಲ ಐತಿ. ಬಿಲ್ಡರ್ ಜೋಡಿ ಅರ್ಧಾಅರ್ಧ, ಮನಿ ಏಳೂ ತನಕ ಅವ್ವನ ಬಾಡಗಿ ಅವರದು. ಅಣ್ಣ ತಯಾರದಾನ. ಮೂರು ಸೈನ್ ಬೇಕು, ಅವ್ವಂದು, ಅಣ್ಣಂದು, ನಂದು. ಮೂರು ತಿಂಗಳಿಂದ ಸೈನ್ ಮಾಡದs ಇದ್ದಾಕಿ ನಾನು.

ನನ್ನ ಕಡೆ ಕಾರಣಾನೂ ಇದ್ದಾವು. ಕಾಂಗ್ರೆಸ್ ಬಾವಿ ನಮ್ಮ ಮನಿಯಿಂದ ನಡಕೋತ ಹೋಗೂ ದೂರ, 1924ರಾಗ ಗಾಂಧಿ ಅಧ್ಯಕ್ಷತೆ ವಹಿಸಿದ ಒಂದs ಒಂದು ಅಧಿವೇಶನ ಇಲ್ಲೆ ಆಗಿದ್ದು, 2024ರಾಗ ನೂರು ವರ್ಷಕ್ಕ ಊರೆಲ್ಲಾ ಲೈಟ್ ಹಾಕಿದ್ರಲ್ಲ, ಅವ್ವನ್ನ ಸ್ಕೂಟಿ ಮ್ಯಾಲ ಕುಂಡ್ರಿಸಿಕೊಂಡು ನೋಡಾಕ ಹೋಗಿದ್ದೆ. ನೂರು ವರ್ಷದ ಬಾವೀನ ಇಟ್ಟಕೋತಾರ, ನಮ್ಮ ಹಿತ್ತಲದ ಬಾವಿ ಯಾಕ ಮುಚ್ಚಬೇಕು ಅಂತ ನನ್ನ ವಾದ. ಮಾವಿನ ಗಿಡ ಅಪ್ಪ ಹಚ್ಚಿದ್ದು. ಆ ಔಟ್‌ಹೌಸ್ ಇನ್ನೂ ಐತಿ, ಖಾಲಿ, ಪೋಸ್ಟ್ ಕಾಕಾನ ಮಗಳು ಬಾಗಲದ ಮ್ಯಾಲ ಖಡುವಿಲೆ ಬರದ ಮಗ್ಗಿ ಇನ್ನೂ ಕಾಣತೈತಿ, ಹದಿನೇಳರ ತನಕ.

ಹೋದ ರವಿವಾರ ಅಣ್ಣ ವಿಡಿಯೊ ಕಾಲ್ ಮಾಡಿದಾಗ ಇದನ್ನೆಲ್ಲಾ ಹೇಳಿದೆ. ಸ್ವಲ್ಪ ಜೋರs ಹೇಳಿದೆ ಅನ್ರಿ. ಅವ್ವನ ಮನಸ್ಸು ಯಾರರ ಕೇಳೀರೇನು, ಐವತ್ತು ವರ್ಷ ಬಾಳೇವು ಮಾಡಿದ ಮನಿ ಅದು, ಅಂತ. ಅಣ್ಣ ಸುಮ್ಮಾದ. ಅವ್ವ ನನ್ನ ಕೈಯಾನ ಫೋನ್ ಇಸಗೊಂಡು ಚಷ್ಮಾ ಮ್ಯಾಲ ಸರಿಸಿ ಅಣ್ಣನ ಮಾರಿ ನೋಡಿದ್ಲು.

"ಯಾವ ಮಾಳಿಗಿ ಕೊಡತಾರಂತ ನಮಗ?"

"ನಾಕನೇದ್ದು ಅಂದಾರ ಅವ್ವ, ಗಾಳಿ ಚೊಲೋ ಬರತೈತಿ."

"ಬ್ಯಾಡ. ಎದುರಿಗಿನವ್ರ ಲಿಫ್ಟ್ ಹತ್ತು ದಿನಾ ಬಂದ್ ಇತ್ತು. ಕೆಳಗಿಂದು ಕೊಡ್ರಿ ಅಂತ ಹೇಳು."

"ಕೆಳಗ ಪಾರ್ಕಿಂಗ್ ಇರತೈತಿ ಅವ್ವ, ಮನಿ ಇರಂಗಿಲ್ಲ."

ಅವ್ವ ಒಂದು ಗಳಿಗಿ ವಿಚಾರ ಮಾಡಿದ್ಲು. "ಒಟ್ಟ ಕಾರಿಗೆ ಹಂಚು ಸೋರಂಗಿಲ್ಲ ಅನ್ನು" ಅಂದು, ಫೋನ್ ನನ್ನ ಕೈಗೆ ಕೊಟ್ಟು, "ಒಂದನೇದ್ದು ಕೊಟ್ರ ಸೈನ್ ಮಾಡತಾಳಂತ ಹೇಳು ಇಕಿ" ಅಂತ ಒಳಗ ಒಗ್ಗರಣಿ ಹಾಕಾಕ ಹೋದ್ಲು.